ನಂಬಿಕಸ್ಥನೋ, ನಂಬಿಕೆಯುಳ್ಳವನೋ?



ನಿಮ್ಮಲ್ಲಿ ಹಲವರು ಶಾಲೆಯ ಸ್ಕೌಟ್ಸ್ ಅಥವಾ ಗೈಡ್ಸ್ ದಳದಲ್ಲಿ ಇದ್ದೀರಿ, ಇಲ್ಲವೇ ಹಿಂದೆ ಇದ್ದವರು. ಕೊರಳಿಗೆ ಸ್ಕಾರ್ಫ್ ಕಟ್ಟಿ, ಬಲಗೈಯ ಮೂರು ಬೆರಳುಗಳನ್ನು ಎತ್ತಿ ಹಿಡಿದು ಪ್ರತಿಜ್ಞೆ ಹೇಳಿದ ದಿನ ನಿಮಗೆ ನೆನಪಿರಬಹುದು. ದೇವರಿಗೂ ದೇಶಕ್ಕೂ ನನ್ನ ಕರ್ತವ್ಯ ಸಲ್ಲಿಸುತ್ತೇನೆ, ಇತರರಿಗೆ ನೆರವಾಗುತ್ತೇನೆ, ಸ್ಕೌಟ್ ನಿಯಮವನ್ನು ಪಾಲಿಸುತ್ತೇನೆ ಎಂಬುದು ಅದರ ಸಾರ. ಮೇಷ್ಟ್ರು ಹೇಳಿಕೊಟ್ಟಂತೆ ಹೇಳಿ ಮುಗಿಸಿದಿರಿ. ಒಂದೊಂದು ಪದವನ್ನೂ ತೂಗಿ ನೋಡುವ ಪುರುಸೊತ್ತು ಯಾರಿಗಿತ್ತು?

ಆದರೆ ಒಬ್ಬ ಹುಡುಗ ಅದರಲ್ಲಿನ ‘ದೇವರು’ ಎಂಬ ಪದವನ್ನು ತೂಗಿ ನೋಡಿ, ‘ದೇವರಿದ್ದಾನೆ ಎಂದು ನನಗೆ ಅನ್ನಿಸಿಲ್ಲ, ಅನ್ನಿಸದ್ದನ್ನು ಆಣೆ ಮಾಡಿ ಹೇಗೆ ಹೇಳಲಿ?’ ಎಂದು ಕೇಳಿದರೆ? ಅವನನ್ನು ದಳದಲ್ಲಿ ಇಟ್ಟುಕೊಳ್ಳಬೇಕೆ, ಮನೆಗೆ ಕಳಿಸಬೇಕೆ? ಅವನು ಕಷ್ಟಪಟ್ಟು ಗಳಿಸಿದ ಬ್ಯಾಡ್ಜುಗಳ ಗತಿಯೇನು? ಅಮೆರಿಕದಲ್ಲಿ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಬನ್ನಿ, ಅದನ್ನು ಮೊದಲಿನಿಂದ ನೋಡೋಣ.

ಪ್ರತಿಜ್ಞೆ ಬಂದ ಬಗೆ

1907ರಲ್ಲಿ ಇಂಗ್ಲೆಂಡಿನ ಸೇನಾಧಿಕಾರಿ ಬೇಡನ್ ಪೊವೆಲ್ ಸುಮಾರು ಇಪ್ಪತ್ತು ಹುಡುಗರನ್ನು ಬ್ರೌನ್‌ಸೀ ಎಂಬ ದ್ವೀಪಕ್ಕೆ ಕರೆದೊಯ್ದು ಶಿಬಿರ ನಡೆಸಿದರು. ಮರುವರ್ಷ ಅವರ ಪುಸ್ತಕ ಹೊರಬಂತು. ಸ್ಕೌಟ್ ಚಳವಳಿಯ ಮೂಲ ಇದು. ದೇವರಿಗೂ ರಾಜನಿಗೂ ಕರ್ತವ್ಯ ಸಲ್ಲಿಸುವ ಮಾತು ಮೊದಲ ಪ್ರತಿಜ್ಞೆಯಲ್ಲೇ ಇತ್ತು. ಆ ಕಾಲದ ಇಂಗ್ಲೆಂಡಿನಲ್ಲಿ ಅದು ಯಾರಿಗೂ ವಿಶೇಷವೆನಿಸಲಿಲ್ಲ.

1910ರಲ್ಲಿ ಅಮೆರಿಕದಲ್ಲಿ ‘ಬಾಯ್ ಸ್ಕೌಟ್ಸ್ ಆಫ್ ಅಮೆರಿಕ’ ಆರಂಭವಾಯಿತು. ಬೇಡನ್ ಪೊವೆಲ್ಲರ ನಿಯಮಗಳು ಮೊದಲು ಒಂಬತ್ತು. ಅಮೆರಿಕದವರು 1911ರಲ್ಲಿ ಇನ್ನು ಮೂರನ್ನು ಸೇರಿಸಿ ಹನ್ನೆರಡು ಮಾಡಿದರು. ಈ ಪಟ್ಟಿಯ ಮೊದಲನೆಯ ಮತ್ತು ಕೊನೆಯ ನಿಯಮಗಳನ್ನು ನೆನಪಿನಲ್ಲಿಡಿ. ಮೊದಲನೆಯದು: ಸ್ಕೌಟ್ ನಂಬಿಕಸ್ಥ. ಹನ್ನೆರಡನೆಯದು: ಸ್ಕೌಟ್ ದೇವರಲ್ಲಿ ಭಕ್ತಿಯುಳ್ಳವನು. ನಮ್ಮ ಇಂದಿನ ಕಥೆಯೆಲ್ಲ ಈ ಎರಡರ ನಡುವೆ ಸಿಕ್ಕಿಬಿದ್ದ ಹುಡುಗರದು.

ಅಲ್ಲಿ ಸದಸ್ಯನಾಗುವವನು ಒಂದು ಧಾರ್ಮಿಕ ತತ್ತ್ವದ ಘೋಷಣೆಯನ್ನು ಒಪ್ಪಬೇಕು. ದೇವರಿಗೆ ತನ್ನ ಕರ್ತವ್ಯವೊಂದಿದೆ ಎಂದು ಒಪ್ಪದೆ ಯಾರೂ ಅತ್ಯುತ್ತಮ ನಾಗರಿಕನಾಗಿ ಬೆಳೆಯಲಾರರು ಎಂಬುದು ಅದರ ತಿರುಳು. ಆ ದೇವರು ಯಾರ ದೇವರು ಎಂದು ಸಂಸ್ಥೆ ಕೇಳುವುದಿಲ್ಲ. ಕ್ರೈಸ್ತ, ಯಹೂದಿ, ಮುಸ್ಲಿಂ, ಹಿಂದೂ ಮಕ್ಕಳಿಗೆಲ್ಲ ಬಾಗಿಲು ತೆರೆದಿದೆ. ಸೃಷ್ಟಿಕರ್ತನನ್ನು ಒಪ್ಪದ ಬೌದ್ಧ ಧರ್ಮದ ಮಕ್ಕಳಿಗೂ ‘ಸಂಘ’ ಎಂಬ ಲಾಂಛನ ಉಂಟು. ಬಾಗಿಲು ಮುಚ್ಚುವುದು ‘ನನಗೆ ಯಾವುದರಲ್ಲೂ ನಂಬಿಕೆ ಇಲ್ಲ’ ಎನ್ನುವವನಿಗೆ ಮಾತ್ರ.

ಈಗಲ್ ಎಂಬ ಶಿಖರ

ನಮ್ಮಲ್ಲಿ ಪ್ರವೇಶ, ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳನ್ನು ಹತ್ತಿ, ರಾಜ್ಯ ಪುರಸ್ಕಾರ ದಾಟಿ ರಾಷ್ಟ್ರಪತಿ ಪುರಸ್ಕಾರಕ್ಕೆ ಹೋಗುತ್ತೀರಲ್ಲವೆ? ಅಮೆರಿಕದಲ್ಲಿ ಆ ಶಿಖರದ ಹೆಸರು ‘ಈಗಲ್ ಸ್ಕೌಟ್’, ಅಂದರೆ ಗರುಡ. 21 ಮೆರಿಟ್ ಬ್ಯಾಡ್ಜ್ ಗಳಿಸಬೇಕು, ಊರಿಗೆ ಉಪಯೋಗವಾಗುವ ಸೇವಾ ಯೋಜನೆಯೊಂದನ್ನು ತಾನೇ ಮುಂದೆ ನಿಂತು ನಡೆಸಬೇಕು, ಕೊನೆಗೆ ಪರಿಶೀಲನಾ ಮಂಡಳಿಯ ಎದುರು ಕುಳಿತು ಉತ್ತರಿಸಬೇಕು. ಇದಕ್ಕೆ ಬೇಕಾದ ಕೆಲಸವೆಲ್ಲ 18 ತುಂಬುವುದರೊಳಗೆ ಮುಗಿಯಬೇಕು. ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಈಗಲ್ ಸ್ಕೌಟ್ ಆಗಿದ್ದವರು. ಈ ಪದವಿ ಇದ್ದವನು ಅಲ್ಲಿ ಸೈನ್ಯಕ್ಕೆ ಸೇರಿದರೆ ಮೇಲಿನ ವೇತನ ಶ್ರೇಣಿಯಲ್ಲೇ ಆರಂಭಿಸಬಹುದು. ನಮ್ಮ ರೈಲ್ವೆ ನೇಮಕಾತಿಯಲ್ಲಿ ಸ್ಕೌಟ್ ಕೋಟಾ ಇರುವ ಹಾಗೆಯೇ ಎನ್ನಿ. ಆದ್ದರಿಂದ ಇದು ಬರೀ ಬಟ್ಟೆಯ ಬಿಲ್ಲೆಯ ವಿಷಯವಲ್ಲ.

ಏರುವ ಪ್ರತಿ ಮೆಟ್ಟಿಲಿನಲ್ಲೂ ‘ದೇವರಿಗೆ ನಿನ್ನ ಕರ್ತವ್ಯವನ್ನು ಹೇಗೆ ಮಾಡಿದೆ?’ ಎಂಬ ಪ್ರಶ್ನೆ ಎದುರಾಗಬಹುದು. 2016ರಿಂದ ಅದು ದರ್ಜೆಗಳ ಅಗತ್ಯಗಳಲ್ಲೇ ಬರೆದಿದೆ. ಈಗಲ್ ಅರ್ಜಿಯಲ್ಲಿ ಅಭ್ಯರ್ಥಿಯ ಧಾರ್ಮಿಕ ನಡತೆ ಬಲ್ಲವರೊಬ್ಬರ ಹೆಸರನ್ನೂ ಕೊಡಬೇಕು. ಯಾವ ಮತಸಂಸ್ಥೆಗೂ ಸೇರದವನಾದರೆ ತಂದೆತಾಯಿಯೇ ಆ ಮಾತು ಹೇಳಬಹುದು.

ಅವಳಿ ಸಹೋದರರು

1985ರಲ್ಲಿ ವರ್ಜೀನಿಯಾ ರಾಜ್ಯದ 15 ವರ್ಷದ ಹುಡುಗನೊಬ್ಬ, ಪರಮಾತ್ಮನೆಂಬ ವ್ಯಕ್ತಿಯಲ್ಲಿ ತನಗೆ ನಂಬಿಕೆಯಿಲ್ಲ ಎಂದು ಪರಿಶೀಲಕರ ಮುಂದೆ ಹೇಳಿದ. ದರ್ಜೆ ಕೈತಪ್ಪಿತು, ಸದಸ್ಯತ್ವವೂ ಹೋಯಿತು. ಪತ್ರಿಕೆಗಳಲ್ಲಿ ಗದ್ದಲವೆದ್ದ ಮೇಲೆ, ದೇವರೆಂದರೆ ಏನೆಂದು ತಾನು ವ್ಯಾಖ್ಯಾನಿಸುವುದಿಲ್ಲ ಎಂದು ಸಂಸ್ಥೆ ಹಿಂದೆ ಸರಿದು ಅವನನ್ನು ಮರಳಿ ಸೇರಿಸಿಕೊಂಡಿತು. ಆದರೆ ದೇವರಿಗೆ ಕರ್ತವ್ಯ ಎಂಬ ಷರತ್ತು ಹಾಗೆಯೇ ಉಳಿಯಿತು.

ಇದಕ್ಕಿಂತ ದೊಡ್ಡ ಪ್ರಕರಣ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯದು. 1991ರಲ್ಲಿ 9 ವರ್ಷದ ಅವಳಿ ಸಹೋದರರು ಕಬ್ ದಳದಲ್ಲಿದ್ದರು. ಪ್ರತಿಜ್ಞೆಯಲ್ಲಿನ ದೇವರ ಮಾತನ್ನು ತಾವು ಹೇಳುವುದಿಲ್ಲ ಎಂದರು. ದಳದಿಂದ ಹೊರಬಿದ್ದಾಗ ಮೊಕದ್ದಮೆ ಹೂಡಲಾಯಿತು. ಕೆಳಗಿನ ನ್ಯಾಯಾಲಯ 1992ರಲ್ಲಿ ಹುಡುಗರ ಪರವಾಗಿ ತೀರ್ಪು ಕೊಟ್ಟಿತು. ಆ ಆದೇಶದ ಬಲದ ಮೇಲೆ ಅವರು ದಳದಲ್ಲಿ ಉಳಿದರು, ಡೇರೆ ಹೂಡಿದರು, ಗಂಟು ಹಾಕಿದರು, ಬ್ಯಾಡ್ಜ್ ಗಳಿಸಿದರು, ಈಗಲ್ ಪದವಿಯ ಹೊಸ್ತಿಲಿಗೂ ಬಂದರು. ಆಗ, 1998ರ ಮಾರ್ಚಿನಲ್ಲಿ, ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಒಮ್ಮತದಿಂದ ಸಂಸ್ಥೆಯ ಪರವಾಗಿ ತೀರ್ಪು ನೀಡಿತು.

ನ್ಯಾಯಾಲಯ ಹೇಳಿದ್ದು, ಹೇಳದಿದ್ದುದು

ಇಲ್ಲಿ ನೀವು ಸ್ವಲ್ಪ ನಿಧಾನಿಸಬೇಕು. ಆ ರಾಜ್ಯದ ಕಾನೂನು ವ್ಯಾಪಾರ ಸಂಸ್ಥೆಗಳು ಗಿರಾಕಿಗಳಲ್ಲಿ ಮತಭೇದ ಮಾಡಬಾರದು ಎನ್ನುತ್ತದೆ. ಸ್ಕೌಟ್ ಸಂಸ್ಥೆ ವ್ಯಾಪಾರ ಸಂಸ್ಥೆಯಲ್ಲ, ಆದ್ದರಿಂದ ಈ ಕಾನೂನು ಅದಕ್ಕೆ ಅನ್ವಯಿಸದು; ನ್ಯಾಯಾಲಯ ಹೇಳಿದ್ದು ಇಷ್ಟೇ. ಅದಕ್ಕೂ ಮೊದಲು 1993ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವೊಂದು ಇಂಥದೇ ಮಾತು ಹೇಳಿತ್ತು: ನಾಗರಿಕ ಹಕ್ಕುಗಳ ಕಾನೂನು ಹೋಟೆಲು, ಚಿತ್ರಮಂದಿರಗಳಂಥ ಸ್ಥಳಗಳಿಗೆ ಸಂಬಂಧಿಸಿದ್ದು, ಸ್ಕೌಟ್ ದಳ ಅಂಥ ಸ್ಥಳವಲ್ಲ. ಆ ನಿಯಮ ಒಳ್ಳೆಯದು, ನ್ಯಾಯವಾದದ್ದು ಎಂದು ಈ ತೀರ್ಪುಗಳು ಹೇಳಲಿಲ್ಲ. ಕಾನೂನಿನಲ್ಲಿ ಹಕ್ಕಿದೆ ಎನ್ನುವುದು ಬೇರೆ, ಮಾಡಿದ್ದು ಸರಿ ಎನ್ನುವುದು ಬೇರೆ. ಪತ್ರಿಕೆ ಓದುವಾಗ ನಾವು ಎಷ್ಟೋ ಸಲ ಎರಡನ್ನೂ ಒಂದೇ ಎಂದು ತಿಳಿಯುತ್ತೇವೆ.

ಸಂಸ್ಥೆಯ ವಾದದಲ್ಲಿಯೂ ಹುರುಳಿದೆ. ನಾಲ್ಕು ಜನ ಒಂದು ನಂಬಿಕೆಗಾಗಿ ಸಂಘ ಕಟ್ಟಿಕೊಂಡರೆ, ಯಾರನ್ನು ಸೇರಿಸಬೇಕೆಂದು ಸರ್ಕಾರ ಹೇಳಬಹುದೆ? ವಿಚಾರವಾದಿಗಳ ಸಂಘವೊಂದಕ್ಕೆ ‘ಜ್ಯೋತಿಷಿಯನ್ನು ಕಾರ್ಯದರ್ಶಿ ಮಾಡಿಕೊಳ್ಳಿ’ ಎಂದು ನ್ಯಾಯಾಲಯ ಆದೇಶಿಸಿದರೆ ನಮಗೆ ಸರಿ ಕಾಣುತ್ತದೆಯೆ? ಷರತ್ತನ್ನು ಅವರು ಬಚ್ಚಿಟ್ಟಿಲ್ಲ, ಸೇರುವಾಗಲೇ ಹೇಳುತ್ತಾರೆ.

ಇನ್ನೊಂದು ಬದಿ ನೋಡಿ. ಪ್ರಯೋಗಾಲಯದಲ್ಲಿ ಲೋಲಕದ ಪ್ರಯೋಗ ಮಾಡುತ್ತೀರಿ. ಗುರುತ್ವ ವೇಗೋತ್ಕರ್ಷ 9.8 ಬರಬೇಕೆಂದು ಮೊದಲೇ ಗೊತ್ತು. ನಿಮಗೆ ಬಂದದ್ದು 9.2. ರೆಕಾರ್ಡ್ ಪುಸ್ತಕದಲ್ಲಿ 9.8 ಎಂದು ಬರೆದವನಿಗೆ ಪೂರ್ತಿ ಅಂಕ, 9.2 ಎಂದು ಬರೆದವನಿಗೆ ಸೊನ್ನೆ ಎಂದಾದರೆ, ತರಗತಿ ಕಲಿಯುವ ಪಾಠ ಯಾವುದು? ನಂಬಿಕೆಯಿಲ್ಲದಿದ್ದರೂ ತುಟಿಯಾಡಿಸಿ ಪ್ರತಿಜ್ಞೆ ಹೇಳಿದ ಹುಡುಗನಿಗೆ ಗರುಡ ಪದಕ ಸಿಗುತ್ತದೆ. ಇದ್ದದ್ದನ್ನು ಇದ್ದಂತೆ ಹೇಳಿದವನು ಹೊರಗೆ ನಿಲ್ಲುತ್ತಾನೆ. 2002ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ 19 ವರ್ಷದ ಈಗಲ್ ಸ್ಕೌಟ್ ಒಬ್ಬನಿಗೆ, ಯಾವುದಾದರೂ ಮೇಲಿನ ಶಕ್ತಿಯನ್ನು ನಂಬುತ್ತೇನೆಂದು ಹೇಳಲು ಸುಮಾರು ಒಂದು ವಾರದ ಗಡುವು ಕೊಟ್ಟರು. ಹೇಳಿದ್ದರೆ ಉಳಿಯುತ್ತಿದ್ದ. ಸುಳ್ಳು ಹೇಳಲಾರೆ ಎಂದು ಹೊರಬಿದ್ದ. ಹನ್ನೆರಡನೆಯ ನಿಯಮ ಉಳಿಸಲು ಮೊದಲನೆಯ ನಿಯಮವನ್ನೇ ಬಲಿ ಕೊಟ್ಟಂತಾಯಿತಲ್ಲವೆ?

ಬೇರೆಯವರು ಹಿಡಿದ ದಾರಿ

ಅಮೆರಿಕದ ಹುಡುಗಿಯರ ಗರ್ಲ್ ಸ್ಕೌಟ್ಸ್ ಸಂಸ್ಥೆ ಬೇರೆಯೇ ಆದದ್ದು. ದೇವರು ಎಂಬಲ್ಲಿ ತಮ್ಮ ನಂಬಿಕೆಗೆ ಹೊಂದುವ ಪದ ಬಳಸಬಹುದು ಎಂದು 1993ರಲ್ಲೇ ಅದು ತೀರ್ಮಾನಿಸಿತು. ಚಳವಳಿ ಹುಟ್ಟಿದ ಬ್ರಿಟನ್ನಿನಲ್ಲಿ, ಮತವಿಲ್ಲದವರಿಗಾಗಿ ಇನ್ನೊಂದು ಪ್ರತಿಜ್ಞೆ 2014ರ ಜನವರಿಯಿಂದ ಜಾರಿಗೆ ಬಂತು. ಹಳೆಯದೂ ಜೊತೆಗೇ ಉಳಿಯಿತು. ಬಾಯ್ ಸ್ಕೌಟ್ಸ್ ಆಫ್ ಅಮೆರಿಕ ಮುಂದೆ ಹುಡುಗಿಯರನ್ನೂ ಸೇರಿಸಿಕೊಂಡಿತು, 2025ರಲ್ಲಿ ‘ಸ್ಕೌಟಿಂಗ್ ಅಮೆರಿಕ’ ಎಂದು ಹೆಸರನ್ನೂ ಬದಲಿಸಿಕೊಂಡಿತು. ಧಾರ್ಮಿಕ ಘೋಷಣೆಯನ್ನು ಮಾತ್ರ ಬಿಟ್ಟಿಲ್ಲ.

ನಮ್ಮ ದೇಶಕ್ಕೆ ಸ್ಕೌಟಿಂಗ್ ಕಾಲಿಟ್ಟದ್ದು ನಮ್ಮ ಬೆಂಗಳೂರಿನಲ್ಲೇ, 1909ರಲ್ಲಿ. ಆಗ ಅದು ಐರೋಪ್ಯ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ. ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ರೂಪುಗೊಂಡಿತು. ನಮ್ಮ ಪ್ರತಿಜ್ಞೆಯಲ್ಲೂ ದೇವರ ಹೆಸರಿದೆ. ಆದರೆ ಅದರ ಕೆಳಗೆ ಒಂದು ಪುಟ್ಟ ಟಿಪ್ಪಣಿಯೂ ಇದೆ, ನಿಮ್ಮಲ್ಲಿ ಎಷ್ಟು ಮಂದಿ ಗಮನಿಸಿದ್ದೀರೋ: ಬೇಕಾದವರು ದೇವರು ಎಂಬುದರ ಬದಲು ‘ಧರ್ಮ’ ಎನ್ನಬಹುದು. ಶ್ರವಣಬೆಳಗೊಳದಂಥ ಕ್ಷೇತ್ರವಿರುವ ನಾಡು ನಮ್ಮದು. ಸೃಷ್ಟಿಕರ್ತನಿಲ್ಲದ ಧರ್ಮ ನಮಗೆ ಹೊಸದಲ್ಲ. ಅನ್ಯಾಯ ಕಂಡಾಗ ‘ಇದು ಧರ್ಮವೇನಪ್ಪಾ?’ ಎಂದು ಕೇಳುವ ಅಜ್ಜಿ ಪೂಜೆಯ ಮಾತಾಡುತ್ತಿಲ್ಲ, ನ್ಯಾಯದ ಮಾತಾಡುತ್ತಿದ್ದಾಳೆ. ಆ ಅರ್ಥದಲ್ಲಿ ನಾಸ್ತಿಕನೂ ಧರ್ಮಕ್ಕೆ ಪ್ರತಿಜ್ಞೆ ಮಾಡಬಹುದು. ಆದರೆ ಧರ್ಮವೆಂದರೆ ಮತ ಎಂದೇ ತಿಳಿಯುವವರು ಇಂದು ಬಹಳ. ಪದ ಅಗಲವಾಗಿದ್ದರೆ ಸಾಲದು, ಅದನ್ನು ಹೇಳಿಕೊಡುವವರ ಮನಸ್ಸೂ ಅಗಲವಾಗಿರಬೇಕು.

ಈಗ ನಿಮ್ಮ ಸರದಿ. ನೀವು ಪರಿಶೀಲನಾ ಮಂಡಳಿಯಲ್ಲಿ ಕುಳಿತಿದ್ದೀರಿ ಎಂದುಕೊಳ್ಳಿ. ಎದುರಿಗೆ 21 ಬ್ಯಾಡ್ಜ್ ಗಳಿಸಿದ ಹುಡುಗ. ‘ಸರ್, ದೇವರ ಬಗ್ಗೆ ನನಗೆ ನಂಬಿಕೆ ಹುಟ್ಟಿಲ್ಲ. ಬೇಕಿದ್ದರೆ ಹೇಳಿಬಿಡುತ್ತೇನೆ, ಆದರೆ ಅದು ಸುಳ್ಳಾಗುತ್ತದೆ’ ಎನ್ನುತ್ತಾನೆ. ಪದಕ ನಿಮ್ಮ ಕೈಯಲ್ಲಿದೆ. ನೀವೇನು ಮಾಡುತ್ತೀರಿ? ಏಕೆ? ಚರ್ಚೆಯನ್ನು ನೋಡುವ ಮುನ್ನ ನಿಮ್ಮ ಉತ್ತರವನ್ನು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲಿನಲ್ಲಿ ಬರೆದಿಡಿ, ನೋಡಿದ ಮೇಲೆ ಮತ್ತೊಮ್ಮೆ ಓದಿ. ನಿಮ್ಮ ಅಭಿಪ್ರಾಯ ಬದಲಾದರೆ ನಾಚಿಕೆ ಬೇಡ. ಬದಲಾಗದಿದ್ದರೆ ಕಾರಣ ಹೇಳಲು ಕಲಿಯಿರಿ. ಎರಡರಲ್ಲೂ ಪ್ರಾಮಾಣಿಕರಾಗಿದ್ದರೆ ಮೊದಲನೆಯ ನಿಯಮವನ್ನಂತೂ ನೀವು ಪಾಲಿಸಿದಂತೆ.