ಶಾಖ ಪಂಪಿನ ಲೆಕ್ಕಾಚಾರ

ನೀರು ಇಳಿಜಾರಿನಲ್ಲಿ ತಾನಾಗಿಯೇ ಹರಿಯುತ್ತದೆ. ತಗ್ಗಿನಿಂದ ದಿಬ್ಬಕ್ಕೆ ಅದನ್ನು ಏರಿಸಬೇಕಾದರೆ ಏತವೋ ಪಂಪೋ ಬೇಕು. ಶಾಖದ ಸ್ವಭಾವವೂ ಅಂತಹುದೇ. ಬಿಸಿ ವಸ್ತುವಿನಿಂದ ತಣ್ಣನೆಯ ವಸ್ತುವಿಗೆ ಅದು ತಾನಾಗಿ ಹರಿಯುವುದೇ ಹೊರತು ಹಿಮ್ಮುಖವಾಗಿ ಹರಿಯದು. ಅದನ್ನು ಹಿಮ್ಮುಖವಾಗಿ ಸಾಗಿಸುವ ಯಂತ್ರವೇ ಶಾಖ ಪಂಪು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾದ ವಿಲಿಯಂ ಥಾಮ್ಸನ್ 1852ರಲ್ಲಿಯೇ ಇದರ ತತ್ತ್ವವನ್ನು ವಿವರಿಸಿದ್ದನು.

ಬೆಂಗಳೂರಿನ ಪೂರ್ವದಂಚಿನಲ್ಲಿರುವ ಹೂಡಿಯಲ್ಲಿ ಇಂದು ಬಹುಮಹಡಿಯ ವಸತಿಗಳು ಎದ್ದು ನಿಂತಿವೆ. ಇಂಥ ಕಟ್ಟಡದಲ್ಲಿ ಮನೆಗಳು ಹಲವು, ಮೇಲ್ಚಾವಣಿ ಒಂದೇ. ಎಲ್ಲರ ಸ್ನಾನದ ನೀರಿಗೂ ಸಾಲುವಷ್ಟು ಸೌರಫಲಕಗಳನ್ನು ಹಾಸಲು ಅಲ್ಲಿ ಎಡೆ ಸಾಲದು. ಆಗ ಶಾಖ ಪಂಪಿನ ಯೋಚನೆ ಬರುವುದು ಸಹಜ. ಒಂದು ಯೂನಿಟ್ ವಿದ್ಯುತ್ತಿಗೆ ಮೂರು ಯೂನಿಟ್ ಶಾಖ ದೊರೆಯುವುದೆಂಬ ಮಾತನ್ನು ನಂಬಬಹುದೇ? ಶಕ್ತಿಯನ್ನು ಸೃಷ್ಟಿಸಲಾಗದೆಂಬ ನಿಯಮ ಏನಾಯಿತು?

ನಿಯಮಕ್ಕೆ ಭಂಗವಿಲ್ಲ. ಯಂತ್ರದ ಕೊಳವೆಗಳಲ್ಲಿ ಬಹು ಕಡಮೆ ಉಷ್ಣತೆಯಲ್ಲಿಯೇ ಕುದಿಯುವ ದ್ರವವೊಂದಿದೆ. ಅದು ಹೊರಗಿನ ಗಾಳಿಯ ಶಾಖವನ್ನು ಹೀರಿ ಆವಿಯಾಗುತ್ತದೆ. ವಿದ್ಯುತ್ತಿನಿಂದ ನಡೆಯುವ ಸಂಪೀಡಕವು ಆ ಆವಿಯನ್ನು ಅದುಮಿದಾಗ ಅದು ಬಿಸಿಯೇರಿ, ನೀರಿಗೆ ಶಾಖವನ್ನು ಕೊಟ್ಟು ಮತ್ತೆ ದ್ರವವಾಗುತ್ತದೆ. ಮೂರು ಯೂನಿಟ್ ಶಾಖದಲ್ಲಿ ಎರಡು ಗಾಳಿಯಿಂದ ಬಂದುದು. ವಿದ್ಯುತ್ತು ಕೊಟ್ಟುದು ಒಂದೇ. ಸಾಮಾನ್ಯ ಗೀಸರಾದರೋ ಯೂನಿಟ್ಟಿಗೆ ಯೂನಿಟ್ಟನ್ನಷ್ಟೇ ಕೊಡಬಲ್ಲದು.

ಇದನ್ನು ಅಳೆಯುವುದು ಕಷ್ಟವಲ್ಲ. ಪಂಪಿಗೆ ಪ್ರತ್ಯೇಕವಾದ ವಿದ್ಯುತ್ ಮೀಟರು, ಒಂದು ಉಷ್ಣಮಾಪಕ, ಅಳತೆ ತಿಳಿದ ಬಕೆಟ್ಟು ಇದ್ದರೆ ಸಾಕು. ನೀರು ಪೂರ್ತಿ ಕಾದು ಯಂತ್ರ ನಿಂತಮೇಲೆ ಮೀಟರನ್ನು ಗುರುತು ಹಾಕಿಕೊಳ್ಳೋಣ. ಬಕೆಟ್ಟುಗಳಲ್ಲಿ ನೀರು ಹಿಡಿದು, ಪ್ರತಿ ಬಕೆಟ್ಟಿನ ಲೀಟರುಗಳನ್ನು ಅದರ ಉಷ್ಣತೆಯ ಏರಿಕೆಯಿಂದ ಗುಣಿಸಿ ಕೂಡಿಸಿದರೆ ಬರುವುದೇ ಕಿಲೊಕ್ಯಾಲೊರಿಗಳ ಮೊತ್ತ. ಯಂತ್ರ ಮತ್ತೆ ನೀರು ಕಾಯಿಸಿ ನಿಲ್ಲುವವರೆಗೆ ಕಾದು, ಮೀಟರನ್ನು ಪುನಃ ನೋಡೋಣ. 25 ಡಿಗ್ರಿಯ ನೀರು 100 ಲೀಟರಿನಷ್ಟು 55 ಡಿಗ್ರಿಗೆ ಕಾದು ಬಂದಿತೆನ್ನಿ: ಶಾಖ 3000 ಕಿಲೊಕ್ಯಾಲೊರಿ. 860 ಕಿಲೊಕ್ಯಾಲೊರಿಗೆ ಒಂದು ಯೂನಿಟ್. ಆದುದರಿಂದ ಇದು ಸುಮಾರು 3.5 ಯೂನಿಟ್. ಮೀಟರು 1.2 ಯೂನಿಟ್ ತೋರಿಸಿದರೆ ಪಂಪಿನ ಗುಣಾಂಕ 2.9.

ಆದರೆ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನದ ಅಳತೆಯನ್ನು ವರ್ಷಕ್ಕೆಲ್ಲ ಅನ್ವಯಿಸಲಾಗದು. ದಿಬ್ಬ ಎತ್ತರವಾದಷ್ಟೂ ಪಂಪಿಗೆ ಶ್ರಮ ಹೆಚ್ಚು. ಡಿಸೆಂಬರಿನ ಬೆಳಗಿನಲ್ಲಿ ಗಾಳಿ 15 ಡಿಗ್ರಿಗೆ ಇಳಿದಾಗ ಗುಣಾಂಕವೂ ಇಳಿಯುತ್ತದೆ. ನೀರನ್ನು 55ಕ್ಕೆ ಬದಲು 65 ಡಿಗ್ರಿಗೆ ಕಾಯಿಸಿದರೂ ಹಾಗೆಯೇ. ಕೆಲವು ಯಂತ್ರಗಳಲ್ಲಿ ಸಹಾಯಕ್ಕೆಂದು ಸಾಮಾನ್ಯ ವಿದ್ಯುತ್ ಕಾಯಿಲೂ ಇರುತ್ತದೆ; ಅದು ಹೊತ್ತಿಕೊಂಡರೆ ಆ ಭಾಗದ ಶಾಖ ಗೀಸರಿನ ಬೆಲೆಗೇ ಬರುತ್ತದೆ. ಕೊಳವೆಬಾವಿಯ ಗಡಸು ನೀರಾದರೆ ಶಾಖ ದಾಟುವೆಡೆ ಸುಣ್ಣದ ಪದರ ಕಟ್ಟಿ, ಗುಣಾಂಕ ವರ್ಷದಿಂದ ವರ್ಷಕ್ಕೆ ಸದ್ದಿಲ್ಲದೆ ಕುಗ್ಗಬಹುದು.

ಆದಕಾರಣ ಚಳಿಗಾಲಕ್ಕೊಮ್ಮೆ, ಬೇಸಗೆಗೊಮ್ಮೆ ಅಳೆದು ಬರೆದಿಡುವುದು ಲೇಸು. ಯಂತ್ರದ ಮೇಲೆ ಅಚ್ಚಾದ ಅಂಕಿ ಪ್ರಯೋಗಶಾಲೆಯದು. ಮನೆಯವರು ಹಣ ತೆರುವುದು ತಮ್ಮ ಮೀಟರಿನ ಅಂಕಿಗೆ.