ಕಾರು ಜಾರಿದಾಗ...

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯ 14 ತಿರುವುಗಳು ಮಳೆಗಾಲದಲ್ಲಿ ಚಾಲಕನ ತಾಳ್ಮೆಗೆ ಒರೆಗಲ್ಲು. ಅಲ್ಲಿ ಮುಂಗಾರಿನ ಮೊದಲ ಹನಿಗಳನ್ನು ನಂಬುವಂತಿಲ್ಲ. ಬೇಸಗೆಯುದ್ದಕ್ಕೂ ರಸ್ತೆಯಲ್ಲಿ ಸೇರಿದ ಧೂಳು, ಎಣ್ಣೆಯ ಜಿಡ್ಡು ನೀರಿನೊಡನೆ ಬೆರೆತು ಲೇಪದಂತೆ ಹರಡುತ್ತವೆ. ಟೈರಿನ ಹಿಡಿತ ತಪ್ಪುತ್ತದೆ.

ಕಾರಿನ ಹಿಂಭಾಗ ಜಾರತೊಡಗಿದೊಡನೆ ಗಾಬರಿಯಿಂದ ಬ್ರೇಕನ್ನು ಬಲವಾಗಿ ತುಳಿಯುವುದು ಮನುಷ್ಯಸ್ವಭಾವ. ಅನಾಹುತಕ್ಕೆ ಅದೇ ಮೂಲ. ಉರುಳದೆ ಬಿಗಿದುಕೊಂಡ ಚಕ್ರವು ಸ್ಟೀರಿಂಗಿನ ಮಾತನ್ನು ಕೇಳದು. ಬ್ರೇಕಿನ ಮೇಲಾಗಲಿ ಆಕ್ಸಿಲರೇಟರಿನ ಮೇಲಾಗಲಿ ಇರುವ ಪಾದವನ್ನು ಮೆಲ್ಲನೆ ಸಡಿಲಿಸಬೇಕು. ಹಿಂಭಾಗ ಎಡಕ್ಕೆ ಸರಿದರೆ ಸ್ಟೀರಿಂಗನ್ನೂ ಎಡಕ್ಕೇ ತಿರುಗಿಸಬೇಕು. ಕಾರು ನೆಟ್ಟಗಾಗತೊಡಗಿದಂತೆ ಸ್ಟೀರಿಂಗನ್ನೂ ನೇರಕ್ಕೆ ತರಬೇಕು. ತಡವಾದರೆ ಕಾರು ಮತ್ತೊಂದು ಬದಿಗೆ ಜಾರೀತು.

ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಕಡ್ಡಾಯವಾದ ಎಬಿಎಸ್ ವ್ಯವಸ್ಥೆಯು ಚಕ್ರ ಹೀಗೆ ಬಿಗಿದುಕೊಳ್ಳದಂತೆ ತಡೆಯುತ್ತದೆ. ಆದರೆ ತಿರುವಿನಲ್ಲಿ ಚಾಲಕನ ಅತಿವೇಗವನ್ನು ಅದು ತಡೆಯಲಾರದು. ಸವೆದ ಟೈರಿಗೂ ಅದರಲ್ಲಿ ಮದ್ದಿಲ್ಲ. ಕಾರಿನ ಟೈರಿನ ಗೀರುಗಳು ಕನಿಷ್ಠ 1.6 ಮಿಲಿಮೀಟರ್ ಆಳವಿರಬೇಕೆಂಬುದು ಕಾನೂನು.

ವೇಗ ಇಮ್ಮಡಿಯಾದರೆ ಬ್ರೇಕು ಹಾಕಿ ನಿಲ್ಲಲು ಬೇಕಾಗುವ ದೂರ ನಾಲ್ಮಡಿಯಾಗುತ್ತದೆ. ಆದುದರಿಂದ ತಿರುವು ಬರುವ ಮೊದಲೇ ವೇಗವನ್ನು ತಗ್ಗಿಸಿ, ಕೆಳಗಿನ ಗೇರಿನಲ್ಲಿ ನಿಧಾನವಾಗಿ ಇಳಿಯುವವನೇ ಜಾಣ. ಹಿಂದಿನ ಸೀಟಿನಲ್ಲಿ ಮಕ್ಕಳು ನಿಶ್ಚಿಂತೆಯಿಂದ ನಿದ್ರಿಸುವುದು ಅಂಥವನ ಕಾರಿನಲ್ಲಿಯೇ.