ಪ್ರೋಟಾನ್ ಸಾಯುವುದನ್ನು ಕಾದವರು

ಚಿನ್ನಕ್ಕಾಗಿ ಅಗೆದ ಕೋಲಾರದ ಕೆಜಿಎಫ್ ಗಣಿಯೊಳಗೆ, ನೆಲದಿಂದ 2.3 ಕಿಲೋಮೀಟರ್ ಆಳದಲ್ಲಿ, 1980ರ ಹೊತ್ತಿಗೆ 140 ಟನ್ ಕಬ್ಬಿಣ ಪೇರಿಸಿದರು. ಒಂದು ಸಾಲು ಅನಿಲ ತುಂಬಿದ ಕೊಳವೆ, ಮೇಲೊಂದು ಕಬ್ಬಿಣದ ಹಾಳೆ, ಮತ್ತೆ ಕೊಳವೆ. ವಿದ್ಯುತ್ ಆವೇಶವುಳ್ಳ ಕಣ ಹಾದುಹೋದರೆ ಕೊಳವೆ ಸುಳಿವು ಕೊಡುತ್ತದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರೂ ಜಪಾನಿನವರೂ ಅಲ್ಲಿ ಕಾಯುತ್ತಿದ್ದುದು ಪ್ರೋಟಾನಿನ ಸಾವಿಗೆ.

ಕಬ್ಬಿಣದ ಪರಮಾಣುವಿನ ನ್ಯೂಕ್ಲಿಯಸ್ಸಿನಲ್ಲಿ 26 ಪ್ರೋಟಾನ್, ಸಾಮಾನ್ಯವಾಗಿ 30 ನ್ಯೂಟ್ರಾನ್. ಮನೆಯ ಅಂಗಳದಲ್ಲೊಂದು ಗೋಟಡಿಕೆ ಇಟ್ಟು ಅದನ್ನೇ ನ್ಯೂಕ್ಲಿಯಸ್ ಎಂದುಕೊಂಡರೆ, ಪರಮಾಣುವಿನ ಅಂಚು ಸಿಗುವುದು ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಆಚೆ. ತೂಕವೆಲ್ಲ ಆ ಅಡಿಕೆಯದೇ. ಅದರಿಂದ ಹೊರಬಿದ್ದ ಒಂಟಿ ನ್ಯೂಟ್ರಾನ್ ಸರಾಸರಿ ಕಾಲು ಗಂಟೆಯಲ್ಲಿ ಒಡೆಯುತ್ತದೆ. ಪ್ರೋಟಾನ್ ಮಾತ್ರ ಅಲುಗುವುದಿಲ್ಲ.

ಅದೂ ಒಂದು ದಿನ ಒಡೆದೀತು ಎಂದು 1974ರಲ್ಲಿ ಜಾರ್ಜೈ ಮತ್ತು ಗ್ಲಾಶೋ ಸಿದ್ಧಾಂತ ಕಟ್ಟಿದರು. ಅದರ ಲೆಕ್ಕದಲ್ಲಿ ಆಯುಸ್ಸು 1ರ ಮುಂದೆ ಸುಮಾರು 30 ಸೊನ್ನೆ ಹಾಕಿದಷ್ಟು ವರ್ಷ. ಅಷ್ಟು ಕಾಲ ಯಾರು ಕಾಯುತ್ತಾರೆ? ಆದರೆ 140 ಟನ್ ಕಬ್ಬಿಣದಲ್ಲಿರುವ ಪ್ರೋಟಾನ್, ನ್ಯೂಟ್ರಾನ್‌ಗಳ ಎಣಿಕೆಗೆ 8ರ ಮುಂದೆ 31 ಸೊನ್ನೆ ಬೇಕು. ಲೆಕ್ಕ ನಿಜವಾದರೆ ವರ್ಷಕ್ಕೆ ಕೆಲವಾದರೂ ಕಣ್ಣಿಗೆ ಬೀಳಲೇಬೇಕು.

ಆಳಕ್ಕೆ ಇಳಿದದ್ದು ಆಕಾಶದ ಕಾಟಕ್ಕೆ. ಕಾಸ್ಮಿಕ್ ಕಿರಣಗಳಿಂದ ಹುಟ್ಟುವ ಮ್ಯೂಆನ್‌ಗಳು ಮೇಲೆ ಮಳೆಯಂತೆ ಸುರಿಯುತ್ತವೆ. ಬಂಡೆ ಅವನ್ನು ಸೋಸುತ್ತದೆ. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲೇ, ಹೋಮಿ ಭಾಭಾ ಅವರ ಶಿಷ್ಯರಾಗಿ, ಇದೇ ಗಣಿಯಲ್ಲಿ ಮ್ಯೂಆನ್ ಎಣಿಸಿದ್ದರು. 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣ ಕಂಡದ್ದೂ ಇಲ್ಲೇ. ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯ ತಂಡಕ್ಕೂ ಅದೇ ವರ್ಷ ಅದು ಸಿಕ್ಕಿತ್ತು, ಪ್ರಕಟಣೆಯಲ್ಲಿ ನಮ್ಮವರು ಮುಂದಾದರು. ಕೆಜಿಎಫ್ ಎಂದರೆ ಸಿನಿಮಾ ಮಾತ್ರ ನೆನಪಾಗುವ ಈ ಕಾಲಕ್ಕೆ ಇದನ್ನು ಒತ್ತಿ ಹೇಳಬೇಕು.

ಪ್ರೋಟಾನ್ ಸತ್ತಿತೇ? ಹಾಗೆ ಕಾಣುವ ಕೆಲವು ಘಟನೆಗಳು ಸಿಕ್ಕವು ಎಂದು ಕೋಲಾರದ ತಂಡ ಹೇಳಿತು. ಬೇರೆಡೆಯ ದೊಡ್ಡ ಪ್ರಯೋಗಗಳು ಒಪ್ಪಲಿಲ್ಲ. ಜಪಾನಿನ ಸೂಪರ್ ಕಾಮಿಯೊಕಾಂಡೆ 50,000 ಟನ್ ನೀರಿಟ್ಟುಕೊಂಡು 1996ರಿಂದ ನೋಡುತ್ತಿದೆ. ಒಂದು ಪ್ರೋಟಾನೂ ಒಡೆದದ್ದು ಖಚಿತವಾಗಿಲ್ಲ. ಜಾರ್ಜೈ–ಗ್ಲಾಶೋ ಲೆಕ್ಕ, ಅದರ ಮೊದಲ ರೂಪದಲ್ಲಿ, ಬಿದ್ದುಹೋಯಿತು.